ಸಂಗೀತಳ ಬೆನ್ನ ಹಿಂದಿನ ಬೀರು

ಶಿಕಾರಿಪುರದ ಕಾಲೇಜೊಂದರಲ್ಲಿ ಆಟ ಕಲಿಸುವ ಚನ್ನೇಶ್ ಮೇಷ್ಟ್ರಿಗೆ ತಮ್ಮ ನೋಟ್‌ಬುಕ್ಕಿನ ಮೇಲಿದ್ದ ನಂಬಿಕೆ ಸ್ವಂತ ಕಣ್ಣಿನ ಮೇಲೂ ಇರಲಿಲ್ಲ. ಟೇಬಲ್ ಟೆನಿಸ್ ಪಂದ್ಯದಲ್ಲಿ ತಮ್ಮ ಮಕ್ಕಳು ಯಾವ ಪಾಯಿಂಟನ್ನು ಎಲ್ಲಿ ಕಳೆದುಕೊಂಡರು ಎಂದು ಗುರುತು ಹಾಕಿಕೊಳ್ಳುವುದೇ ಅವರಿಗೆ ಪೂಜೆ. ಡಬ್ಬಿಯ ಊಟ ಹಳಸಿದರೂ ಚಿಂತೆಯಿಲ್ಲ, ಒಂದು ಗುರುತು ತಪ್ಪಬಾರದು.

ಸೊರಬದ ಪಂದ್ಯದಲ್ಲಿ ಅವರ ವಿದ್ಯಾರ್ಥಿನಿ ಸಂಗೀತ ಸೋತಾಗಲೂ ನೋಟ್‌ಬುಕ್ ಕಾರಣ ಹೇಳಿತು. ಹೋದ ಮೂವತ್ತಮೂರು ಪಾಯಿಂಟುಗಳಲ್ಲಿ ಇಪ್ಪತ್ತು ಹೋದದ್ದು ಎಡಕ್ಕೆ ಉದ್ದವಾಗಿ ಬಂದ ಚೆಂಡುಗಳಿಗೆ. "ನಿನ್ನ ಬ್ಯಾಕ್‌ಹ್ಯಾಂಡೇ ಸರಿಯಿಲ್ಲ," ಎಂದು ತೀರ್ಪು ಕೊಟ್ಟು ತಿಂಗಳುಗಟ್ಟಲೆ ಅದನ್ನೇ ಅಭ್ಯಾಸ ಮಾಡಿಸಿದರು. ಮುಂದಿನ ಪಂದ್ಯದಲ್ಲಿ ಇಪ್ಪತ್ತು ಹೋಗಿ ಇಪ್ಪತ್ತಾರಾಯಿತು! ಸಂಗೀತ ಬ್ಯಾಟನ್ನು ಅವರ ಮುಂದಿಟ್ಟು, "ನನ್ನ ಕೈಯೇ ಸರಿ ಇಲ್ಲ ಅಂದಮ್ಯಾಲೆ ಬಿಡ್ರಿ ಸರ್, ಇನ್ನು ಆಡಲ್ಲ," ಎಂದು ಊರಿಗೆ ಹೋದಳು.

ಅಂಥ ಆಟಗಾರ್ತಿ ಚನ್ನೇಶರ ಕೈಗೆ ಹಿಂದೆಂದೂ ಸಿಕ್ಕಿರಲಿಲ್ಲ. ಮರುದಿನ ಬೆಳಿಗ್ಗೆಯೇ ಬ್ಯಾಟು ಹಿಡಿದು ಅವಳ ಊರು ತೊಗರ್ಸಿಗೆ ಹೋದರು. ಸಂಗೀತಳ ತಾಯಿ ಹೂವಮ್ಮ ಕುರಿ ದೊಡ್ಡಿಯ ಬಾಗಿಲಲ್ಲೇ ನಿಂತು ಮೇಷ್ಟ್ರ ಫೋನಿನಲ್ಲಿ ಪಂದ್ಯದ ವಿಡಿಯೊ ನೋಡಿದರು. ಕುರಿ ಕೊಳ್ಳುವಾಗ ಮೊದಲು ಕಾಲು ನೋಡುವ ಹೆಂಗಸು, ಮಗಳನ್ನೂ ಹಾಗೆಯೇ ನೋಡಿದರು.

"ಕೈಗೇನೂ ಆಗಿಲ್ರೀ. ಇವಳು ಹಿಂದಕ್ಕೇ ಸರಿಯಲ್ಲ. ಹಿಂದೆ ಗೋಡೆಗೀಡೆ ಐತಾ?"

ವಿಡಿಯೊದಲ್ಲಿ ಹಿಂದೆ ಎತ್ತಿನ ಗಾಡಿ ತಿರುಗಿಸುವಷ್ಟು ಜಾಗವಿತ್ತು. ಜಾಗವಿಲ್ಲದ್ದು ಮೇಷ್ಟ್ರ ಕಾಲೇಜಿನಲ್ಲಿ. ಗಾಳಿಗೆ ಚೆಂಡು ಹಾರುತ್ತದೆಂದು ಟೇಬಲನ್ನು ಹಳೇ ಪುಸ್ತಕಗಳ ಕೋಣೆಗೆ ಹಾಕಿಸಿದ ಮಹಾನುಭಾವರು ಚನ್ನೇಶರೇ. ಸಂಗೀತ ನಿಲ್ಲುವ ಕಡೆ ಒಂದೇ ಹೆಜ್ಜೆ ಹಿಂದೆ ಕಬ್ಬಿಣದ ಬೀರು. ಎರಡು ವರ್ಷ ಅದಕ್ಕೆ ಮೊಣಕೈ ಬಡಿಸಿಕೊಂಡು ಹುಡುಗಿ ಹಿಂದೆ ಸರಿಯುವುದನ್ನೇ ಬಿಟ್ಟಿದ್ದಳು.

ಚನ್ನೇಶರಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ತಲೆ ಮೇಲಿನ ಮೂಟೆ ಇಳಿಸಿದಷ್ಟು ಹಾಯೆನಿಸಿತು. "ತಪ್ಪು ನಂದು ಕಣಮ್ಮ. ನಿನ್ನ ಕೈ ಚೆನ್ನಾಗೇ ಐತಿ," ಎಂದು ಸಂಗೀತಳತ್ತ ಬ್ಯಾಟು ಚಾಚಿದರು.

ಸಂಗೀತ ಕಣ್ಣೊರೆಸಿಕೊಂಡು ಬ್ಯಾಟು ತಗೊಂಡಳು. "ಇನ್ನೊಂದೇ ಪಂದ್ಯ, ಸರ್."

ಟೇಬಲ್ ಹಾಸ್ಟೆಲಿನ ಊಟದ ಹಾಲಿಗೆ ಬಂತು. ಆರು ವಾರ ಬರೀ ಕಾಲಿನ ಅಭ್ಯಾಸ.

ಮತ್ತೆ ಸೊರಬ. ಎಡಕ್ಕೆ ಉದ್ದನೆಯ ಚೆಂಡು ಬಂತು. ಸಂಗೀತ ಅಭ್ಯಾಸಬಲದಿಂದ ಒಮ್ಮೆ ಹಿಂದೆ ನೋಡಿದಳು, ಎರಡು ಹೆಜ್ಜೆ ಸರಿದಳು, ಬಾರಿಸಿದಳು. "ಸರಿದ್ಲು ನೋಡ್ರಿ!" ಎಂದು ಹೂವಮ್ಮ ಬೆಂಚಿನಿಂದ ಎದ್ದೇಬಿಟ್ಟರು.

ಗೆದ್ದು ಬಸ್ ಸ್ಟ್ಯಾಂಡಿಗೆ ಬಂದಾಗ ಸಂಗೀತ ಕೇಳಿದಳು, "ಎಡಗಡೆ ಎಷ್ಟು ಹೋದ್ವು ಸರ್?"

ಚನ್ನೇಶ್ ನೋಟ್‌ಬುಕ್ ತೆರೆದರು. ಅವಳು ಹಿಂದೆ ಸರಿದು ಬಾರಿಸಿದ ಆ ಚೆಂಡಿನಿಂದ ಮುಂದೆ ಪುಟವೆಲ್ಲ ಖಾಲಿ.

"ಬರೆಯೋದೇ ಮರೆತೆ ಕಣಮ್ಮ. ನಿನ್ನ ಆಟ ನೋಡ್ತಾ ಕೂತುಬಿಟ್ಟೆ."