ಮಾರಕ್ಕನ ಮಗಳ ಹೆಸರಿನಿಂದ ನಾನು ಕಿತ್ತ ‘ಸಣ್ಣ’

ಮಾರಕ್ಕ, ನಿಮ್ಮ ಮಗಳ ಹೆಸರಿನ ಮುಂದಿದ್ದ ‘ಸಣ್ಣ’ವನ್ನು ಕಿತ್ತುಹಾಕಿದವನು ನಾನು. ಬರೆದಿದ್ದೇನೆ ಎಂದು ನಿಮಗೆ ಸುಳ್ಳು ಹೇಳಿದವನೂ ನಾನೇ. ನಿಮಗೆ ಓದಲು ಬಾರದು, ಗೊತ್ತು — ಎದುರಿಗೆ ನಿಂತಾಗ ಮಾತು ನುಂಗಿಬಿಡುತ್ತೇನೋ ಎಂಬ ಹೆದರಿಕೆಗೆ ಮೊದಲು ಬರೆದುಕೊಳ್ಳುತ್ತಿದ್ದೇನೆ.

ಮೊಳಕಾಲ್ಮೂರು ಕಡೆಯ ನಿಮ್ಮೂರಿಗೆ ಆಗ ನಾನು ಹೊಸ ಮೇಷ್ಟ್ರು. ನಮ್ಮ ಸೀಮೆಯಲ್ಲಿ ಒಂದೇ ದೇವರ ಹೆಸರನ್ನು ಇಬ್ಬರು ಮಕ್ಕಳಿಗಿಟ್ಟು, ಹಿರಿಯದಕ್ಕೆ ದೊಡ್ಡ, ಕಿರಿಯದಕ್ಕೆ ಸಣ್ಣ ಎಂದು ಸೇರಿಸುವುದು ಹೊಸದೇನಲ್ಲ. ನಾನೂ ಸಣ್ಣ ಪಾಲಯ್ಯನೇ. ಚಿತ್ರದುರ್ಗದಲ್ಲಿ ಓದುವಾಗ ಹಾಸ್ಟೆಲಿನ ಹುಡುಗರು “ದೊಡ್ಡೋನು ಯಾವಾಗ ಆಗ್ತೀಯಲೇ?” ಎಂದು ಪ್ರಾಣ ಹಿಂಡಿದ್ದರು. ಸಣ್ಣ ಉರಿಯಲ್ಲಿ ಕುದಿಸಿದ ಸಾರು ರುಚಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಚೆನ್ನ, ಅಂಗಡಿಯಲ್ಲಿ ಸಣ್ಣಕ್ಕಿಯನ್ನೇ ಕೇಳುತ್ತೇವೆ — ಮನುಷ್ಯರ ಹೆಸರಿಗೆ ಬಂದಾಗ ಮಾತ್ರ ಅದು ನಗೆಪಾಟಲು ಎಂದು ತೀರ್ಮಾನಿಸಿಬಿಟ್ಟಿದ್ದೆ. ಕೆಲಸ ಸಿಕ್ಕಿದ ಮೇಲೆ ಎಲ್ಲರಿಗೂ ಬರೀ ಪಾಲಯ್ಯ ಎಂದೇ ಹೇಳಿಕೊಂಡೆ.

ನೀವು ಮಗಳ ಕೈಹಿಡಿದು ಶಾಲೆಗೆ ಸೇರಿಸಲು ಬಂದಿರಿ. ಹೆಸರು ಸಣ್ಣ ತಿಪ್ಪಮ್ಮ ಎಂದಿರಿ. ತಿಪ್ಪಮ್ಮ ಎಂದರೆ ಸಾಕಲ್ಲ ಎಂದೆ.

“ಬ್ಯಾಡ ಮೇಷ್ಟ್ರೆ, ಸಣ್ಣ ಇರ್ಲಿ. ದೊಡ್ಡ ತಿಪ್ಪಮ್ಮ ಕಾಮಾಲೆ ಬಂದು ಹೋಗ್ಬಿಟ್ಲು. ಇವ್ಳು ಸಣ್ಣೋಳು ಅಂತ ಇದ್ರೆ ತಾನೇ, ಅವ್ಳೊಬ್ಳು ಇದ್ಳು ಅಂತ ನಾಕು ಜನಕ್ಕೆ ಗೊತ್ತಾಗೋದು?”

ಕೇಳಿಸಿತು — ಚೆನ್ನಾಗಿಯೇ ಕೇಳಿಸಿತು. “ಆಯ್ತು, ಬರ್ದೀನಿ” ಎಂದೆ. ರಿಜಿಸ್ಟರಿನಲ್ಲಿ ಬರೆದದ್ದು ತಿಪ್ಪಮ್ಮ ಎಂದಷ್ಟೇ. ನೀವು ನಂಬಿ ಹೆಬ್ಬೆಟ್ಟು ಒತ್ತಿದಿರಿ. ಇಂಕ್ ಪ್ಯಾಡ್ ಮುಂದೆ ಸರಿಸಿದವನೂ ನಾನೇ. ಮಗುವಿಗೆ ದೊಡ್ಡ ಉಪಕಾರ ಮಾಡಿದೆನೆಂಬ ಜಂಬ ಬೇರೆ.

ಹೋದ ತಿಂಗಳು ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮ ಮಗಳು ಸಿಕ್ಕಳು. ನರ್ಸಾಗಿದ್ದಾಳೆ, ಎದೆಯ ಮೇಲಿನ ಬಿಲ್ಲೆಯಲ್ಲಿ ತಿಪ್ಪಮ್ಮ ಎಂದಿತ್ತು. ನಾನು ಅದನ್ನೇ ನೋಡುತ್ತಿದ್ದುದು ಕಂಡು ನಕ್ಕಳು.

“ಅವ್ವ ಪ್ರತಿ ವರ್ಷ ನನ್ನ ಕೈಲೇ ಮಾರ್ಕ್ಸ್ ಕಾರ್ಡ್ ಓದಿಸೋಳು ಸಾರ್. ಅದ್ರಾಗೆ ಸಣ್ಣ ಇಲ್ಲ ಅಂದ್ರೆ ಅಳ್ತಾಳೆ ಅಂತ, ಇಲ್ದೇ ಇದ್ರೂ ಸೇರಿಸಿ ಓದ್ತಿದ್ದೆ. ಇವತ್ತಿಗೂ ಅವ್ವಂಗೆ ಗೊತ್ತಿಲ್ಲ. ಯಾರೋ ಗುಮಾಸ್ತರ ಕೈತಪ್ಪು, ಬಿಡ್ರಿ.”

ನನ್ನ ಸುಳ್ಳನ್ನು ಅಷ್ಟು ಚಿಕ್ಕ ಹುಡುಗಿ ವರ್ಷವರ್ಷವೂ ಹೊತ್ತಿದ್ದಳು. ನಾಚಿಕೆಯಿಂದ ಕುಗ್ಗಿಹೋದೆ. ಸುಮ್ಮನಿದ್ದಿದ್ದರೆ ಆ ಇಲ್ಲದ ಗುಮಾಸ್ತನ ತಲೆಗೇ ಕಟ್ಟಿ ಪಾರಾಗಬಹುದಿತ್ತು — ಆ ಯೋಚನೆಯೂ ಬಂತು, ಮುಚ್ಚಿಡುವುದಿಲ್ಲ. “ಗುಮಾಸ್ತ ಅಲ್ಲಮ್ಮ, ನಾನು” ಎಂದೆ. ಅವಳ ಬಸ್ಸು ಬಂತು, ಹತ್ತಲಿಲ್ಲ. ನನ್ನ ಮುಖ ಬಿಟ್ಟು ಎದೆಯ ಬಿಲ್ಲೆಯನ್ನೇ ನೋಡಿಕೊಂಡಳು. ಆಮೇಲೆ, “ಸರಿ ಮಾಡ್ಸಾಕೆ ಆಗ್ತೈತಾ ಸಾರ್?” ಎಂದಳು. ಆ ಪ್ರಶ್ನೆಗೆ ನನಗೆ ಜೀವ ಬಂತು.

ಹೆಸರು ತಿದ್ದಲು ಅರ್ಜಿ ಹಾಕಿದ್ದೇವೆ. ತಾಯಿ ಸರಿಯಾಗಿಯೇ ಹೇಳಿದ್ದರು, ಬೇಕೆಂದೇ ಬಿಟ್ಟವನು ನಾನು ಎಂದು ಬರೆದುಕೊಟ್ಟಿದ್ದೇನೆ. ಓಡಾಟ ಇದೆ, ಆದರೆ ಆಗುತ್ತದೆ ಎಂದು ಕಚೇರಿಯವರು ಹೇಳಿದ್ದಾರೆ. ಅವ್ವನಿಗೆ ತಾನೇ ಹೇಳುತ್ತೇನೆಂದು ಅವಳು ಹೊರಟಳು, ನಾನು ಬೇಡವೆಂದೆ. ಇನ್ನೂ ಒಂದು ಭಾರ ಅವಳ ಮೇಲೆ ಹೊರಿಸಲಾರೆ.

ಭಾನುವಾರ ಬರುತ್ತೇನೆ, ಮಾರಕ್ಕ. ನೀವು ಬೈದರೂ, ಬಾಗಿಲಲ್ಲೇ ನಿಲ್ಲಿಸಿದರೂ ಸರಿ. ಅಂದು ನೀವು ದೊಡ್ಡ ಮಗಳ ಸುದ್ದಿ ಎತ್ತಿದಾಗ ನಾನು ತಲೆ ಎತ್ತಲೂ ಇಲ್ಲ — ಅವಳು ಹೇಗಿದ್ದಳು, ಏನು ಆಡುತ್ತಿದ್ದಳು, ಒಂದು ಮಾತೂ ಕೇಳಲಿಲ್ಲ. ಈಗ ಕೇಳಬೇಕು. ನೀವು ಹೇಳುವಷ್ಟು ಹೊತ್ತೂ ಕೂತು ಕೇಳಬೇಕು.