ತಮಟೆ ಅಣ್ಣ ಊಟಕ್ಕೆ ಕೂತ ಭಾನುವಾರ

ಏಳು ಸಾವಿರದ ನಾನೂರ ಹತ್ತು ರೂಪಾಯಿ. ಇಂದಿರಾನಗರದ ಒಂದು ಟೆರೇಸ್ ಹೋಟೆಲಿನಲ್ಲಿ ಮೂರು ಜನರ ಮಧ್ಯಾಹ್ನದ ಊಟಕ್ಕೆ ನಾನು ಕೊಟ್ಟ ದುಡ್ಡು ಅದು. ಅದರಲ್ಲಿ ಸರ್ವಿಸ್ ಚಾರ್ಜು ಬೇರೆ ಸೇರಿತ್ತು. ತೆಗೆಸುವುದು ನನಗೆ ಎರಡು ನಿಮಿಷದ ಕೆಲಸ, ತೆಗೆಸಲಿಲ್ಲ. ಸಾಲದ್ದಕ್ಕೆ ಅವತ್ತು ಆ ಊಟ ಪೂರ್ತಿ ಬಿಟ್ಟಿಯಾಗಿಯೇ ಸಿಗುವುದರಲ್ಲಿತ್ತು. ಎದುರಿಗೆ ಕೂತಿದ್ದವರು ಬೇಡ ಅಂದರು. ಅವರ ಎಡಗೈ ಹೆಬ್ಬೆರಳಿನ ಬುಡದಲ್ಲಿ ಹುಣಸೆ ಬೀಜದಷ್ಟು ದೊಡ್ಡ, ಅದೇ ಬಣ್ಣದ, ಅಷ್ಟೇ ಗಟ್ಟಿಯಾದ ಒಂದು ಗಂಟಿತ್ತು. ನಲವತ್ತು ವರ್ಷ ತಮಟೆಯ ಅಂಚನ್ನು ಹಿಡಿದು ಆದ ಗಂಟು. ಆ ಹೆಬ್ಬೆರಳಿನಿಂದಲೇ ಬಿಲ್ಲನ್ನು ನನ್ನ ಕಡೆ ತಳ್ಳಿ, “ಕೊಡು, ಮುಖ ಯಾಕೆ ಹಂಗೆ ಮಾಡ್ತೀಯ” ಅಂದರು.

ಮರ್ಫಿ ಟೌನಿನಲ್ಲಿ ಎಲ್ಲರೂ ಅವರನ್ನು ತಮಟೆ ಅಣ್ಣ ಎನ್ನುತ್ತಿದ್ದರು. ನಾನೂ ಅಣ್ಣ ಎಂದೇ ಕರೆದೆ. ಅವರು ನನ್ನನ್ನು ಹೆಸರು ಹಿಡಿದು ಕರೆದಿದ್ದು ನೆನಪಿಲ್ಲ. ಲಿಂಗರಾಜಪುರದಲ್ಲಿ ನನ್ನದು ಶಾಮಿಯಾನ, ಮೈಕ್ ಸೆಟ್ಟು, ಕುರ್ಚಿ ಬಾಡಿಗೆಯ ಅಂಗಡಿ. ಹಾಗಾಗಿ ನಾನು ಅವರಿಗೆ ಬರೀ ಶಾಮಿಯಾನ. ಕಂಬ ಹೊರುವುದರಿಂದ ಶುರುಮಾಡಿ ಸ್ವಂತ ಲಾರಿ ಕೊಳ್ಳುವ ತನಕ ಬಂದವನು ನಾನು. ಈ ದಾರಿಯಲ್ಲಿ ಯಾರೊಂದಿಗೂ ಚೌಕಾಸಿ ಮಾಡದೆ ಬಿಟ್ಟಿಲ್ಲ, ಬಿಟ್ಟಿದ್ದರೆ ಇಲ್ಲಿಗೆ ಬರುತ್ತಲೂ ಇರಲಿಲ್ಲ. ಆದರೆ ರೇಟಿನ ಮಾತಿನಲ್ಲಿ ನನ್ನನ್ನು ಕೂರಿಸಿ ಪಾಠ ಹೇಳಿದವರು ಅವರೊಬ್ಬರೇ.

ಮೊದಲ ಸಲ ಅವರನ್ನು ಕರೆಸಿದ್ದು ಕೆ.ಆರ್. ಪುರದ ಒಂದು ಗೃಹಪ್ರವೇಶಕ್ಕೆ. ನಮ್ಮ ಕಸುಬಿನಲ್ಲಿ ಒಂದು ಉಪಾಯ ಇದೆ, ಹೇಳಿಬಿಡುತ್ತೇನೆ. ಬಾಜಾದವರಿಗೆ, ಕಂಬ ಹೊರುವವರಿಗೆ “ಊಟ ಸೇರಿ ಇಷ್ಟು” ಎಂದು ರೇಟು ಹೇಳುತ್ತೇವೆ. ಊಟ ಹೇಗೂ ಮನೆಯವರದು, ನಮಗೆ ಖರ್ಚಿಲ್ಲ. ಆದರೆ ಅದರ ಹೆಸರಿನಲ್ಲಿ ಕೂಲಿಯಲ್ಲಿ ಒಂದಿಷ್ಟು ಹಿಡಿಯುತ್ತೇವೆ. ಅವತ್ತು ಅಣ್ಣ ಮತ್ತು ಅವರ ಜೊತೆಯ ಮೂವರು ಬೆಳಗಿನಿಂದ ಗೇಟಿನ ಹತ್ತಿರ ಬಾರಿಸಿದರು. ನೆಂಟರ ಪಂಕ್ತಿ ಆಯಿತು, ಮನೆಯವರದಾಯಿತು, ನನ್ನ ಕೆಲಸದವರದೂ ಆಯಿತು. ಆಮೇಲೆ ಯಾರೋ ಜನರೇಟರ್ ಹಿಂದೆ ನಾಲ್ಕು ಪೇಪರ್ ತಟ್ಟೆಯಲ್ಲಿ ತಣ್ಣಗಿನ ಅನ್ನ ಸಾಂಬಾರು ಇಟ್ಟು ಹೋದರು. ಮೂವರು ತಿಂದರು. ಅಣ್ಣ ತಟ್ಟೆ ಮುಟ್ಟಲಿಲ್ಲ, ಎದ್ದು ಹೋಗಿ ಲಾರಿಯ ನೆರಳಲ್ಲಿ ಕೂತರು. ನಾನು ನೋಡಿದೆ. ನೋಡಿ, ಕುರ್ಚಿ ಎಣಿಸಲು ಹೋದೆ.

ಮಾರನೆಯ ಬೆಳಿಗ್ಗೆ ಅಂಗಡಿಗೆ ಬಂದರು.

“ಶಾಮಿಯಾನಾ, ನಮ್ಮ ಊಟಕ್ಕೆ ಅಂತ ಎಷ್ಟು ಹಿಡ್ಕೊಂಡೆ?”

“ತಲೆಗೆ ಅರವತ್ತು, ಅಣ್ಣ.”

“ಅದ್ರಲ್ಲಿ ಜನರೇಟರ್ ಹಿಂದೆ ಕೂರ್ಸೋದಕ್ಕೆ ಎಷ್ಟು?”

ನಾನು ಟೀ ತರಿಸಿದೆ. ಅವರು ಕೂಗಾಡಲಿಲ್ಲ. “ಇನ್ಮೇಲೆ ಊಟ ಬಿಟ್ಟು ರೇಟ್ ಹೇಳು. ಕೂಲಿ ಬೇರೆ, ಊಟ ಬೇರೆ. ಬಾರ್ಸಿದ ಜಾಗದಲ್ಲಿ ನಾನು ಉಣ್ಣಲ್ಲ” ಎಂದು ಟೀ ಕುಡಿದು ಹೋದರು. ಇದೂ ಒಂದು ವ್ಯಾಪಾರದ ಪಟ್ಟು ಎಂದೇ ನಾನು ಬಹಳ ದಿನ ತಿಳಿದಿದ್ದೆ. ಒಳ್ಳೆ ಪಟ್ಟು ಅಂತ ಮೆಚ್ಚಿಕೊಂಡೂ ಇದ್ದೆ. ಅಲ್ಲಿಂದ ಮುಂದೆ ಕೆಲಸಕ್ಕೆ ಬರುವಾಗ ಅವರ ಚೀಲದಲ್ಲಿ ಎರಡು ಅಂತಸ್ತಿನ ಸ್ಟೀಲ್ ಕ್ಯಾರಿಯರ್ ಇರುತ್ತಿತ್ತು. ಬಾರಿಸುವುದಕ್ಕೆ ಮುಂಚೆ ಗೇಟಿನ ಆಚೆ ನಿಂತು ಉಂಡು, ತೊಳೆದಿಟ್ಟು, ಒಳಗೆ ಬರುತ್ತಿದ್ದರು.

ಚೌಕಾಸಿಗೆ ಅವರದೇ ಒಂದು ಕ್ರಮ. ನೀವು ಎಷ್ಟೇ ಇಳಿಸಿ, ಅವರು ರೇಟು ಇಳಿಸುತ್ತಿರಲಿಲ್ಲ. ಹೊತ್ತು ಇಳಿಸುತ್ತಿದ್ದರು. “ಮೂರು ಸಾವಿರದ ಬದ್ಲು ಎರಡು ಸಾವಿರಾನಾ? ಆಗ್ಲಿ. ಎರಡು ಗಂಟೆ ಬದ್ಲು ಒಂದು ಗಂಟೆ ಇಪ್ಪತ್ತು ನಿಮಿಷ. ಏಟು ಮಾತ್ರ ಮೆತ್ತಗೆ ಹೊಡಿಯಲ್ಲ.” ಇದನ್ನು ನಾನು ಹಾಗೇ ಎತ್ತಿಕೊಂಡೆ. ಈಗ ಯಾರಾದರೂ ಶಾಮಿಯಾನ ಬಾಡಿಗೆ ಕಡಿಮೆ ಮಾಡು ಅಂದರೆ ಎರಡು ಕಂಬದಷ್ಟು ಜಾಗ ಕಡಿಮೆ ಮಾಡುತ್ತೇನೆ, ಬಟ್ಟೆ ಹಳೆಯದು ಹಾಕುವುದಿಲ್ಲ. ನನ್ನ ಹೆಸರು ಉಳಿದಿರುವುದು ಅದರಿಂದಲೇ.

ಅವರ ಮನೆಯಲ್ಲಿ ಬುದ್ಧನ ಪಟದ ಕೆಳಗೇ ತಮಟೆ ನೇತುಹಾಕುವ ಮೊಳೆ. ಬುದ್ಧನ ದಾರಿ ಹಿಡಿದ ಮೇಲೆ ಈ ಕೆಲಸ ಯಾಕೆ, ಇದನ್ನು ಹೊರಿಸಿದವರ ಮುಖದ ಮೇಲೆ ಎಸೆದು ಬಾ ಎಂದು ಅವರ ತಮ್ಮ ನನ್ನೆದುರೇ ಜಗಳವಾಡಿದ್ದುಂಟು. ಅಣ್ಣ ಕೇಳಿಸಿಕೊಂಡು, “ತಮಟೆ ಏನೋ ತಪ್ಪು ಮಾಡ್ತು? ತಪ್ಪು ಮಾಡಿದ್ದು ನಮ್ಮ ಕೈಲಿ ಬಾರ್ಸಿದೋರು” ಎಂದಿದ್ದರು. ಅಷ್ಟು ಹೇಳಿ ಚರ್ಮಕ್ಕೆ ಬಟ್ಟೆ ಹಾಕಿ ಒರೆಸತೊಡಗಿದರು.

ಇಂದಿರಾನಗರದ ಹೋಟೆಲಿಗೆ ಅವರನ್ನು ಕರೆದೊಯ್ದವನು ನಾನೇ. ಅದರ ಯಜಮಾನರು ನಮ್ಮ ದಂಡು ಪ್ರದೇಶದವರೇ. ಹಡಗಿನ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಕೆರಿಬಿಯನ್ ದ್ವೀಪಗಳ ಅಡುಗೆ ಕಲಿತು ಬಂದು, ಒಂದು ಹಳೆ ಮನೆಯ ಟೆರೇಸಿನ ಮೇಲೆ ಹೋಟೆಲ್ ಮಾಡಿದ್ದರು. ಹಸಿರು, ಹಳದಿ, ಕೆಂಪು ಬಾವುಟಗಳು. ಒಂದು ಮೂಲೆಯಲ್ಲಿ ಕೆಂಡದ ಒಲೆಯ ಮೇಲೆ ಮಸಾಲೆ ಹಚ್ಚಿದ ಕೋಳಿ. ಇನ್ನೊಂದು ಮೂಲೆಯಲ್ಲಿ ವಾರಕ್ಕೆ ಮೂರು ದಿನ ಆ ದ್ವೀಪಗಳ ರೆಗ್ಗೆ ಹಾಡುವ ಬ್ಯಾಂಡು. ಮೈಕು, ಮೇಲ್ಛಾವಣಿ ನನ್ನದು. ಬ್ಯಾಂಡಿಗೆ ಇಲ್ಲಿಯ ವಾದ್ಯ ಒಂದು ಸೇರಿದರೆ ಚೆನ್ನ ಎಂದು ಯಜಮಾನರು ಅಂದಾಗ ನಾನು ತಡಮಾಡಲಿಲ್ಲ.

ಅಣ್ಣ ಮೊದಲ ದಿನ ಬಂದ ಕೂಡಲೇ ಬಾರಿಸಲಿಲ್ಲ. ಮೂರು ಹಾಡು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ನನ್ನ ಕಿವಿಯಲ್ಲಿ, “ಇವ್ರು ಮೊದಲ್ನೇ ಏಟು ನುಂಗ್ತಾರೆ ಕಣೋ. ಸಾವಿನ ಮೆರವಣಿಗೇಲಿ ನಾವೂ ಹಿಂಗೇ ಮಾಡ್ತೀವಿ. ಹೊತ್ತೋರು ಹೆಗಲು ಬದಲಾಯಿಸ್ಬೇಕಲ್ಲ, ಅದಕ್ಕೆ ಒಂದು ಏಟಿನ ಜಾಗ ಬಿಡ್ತೀವಿ” ಅಂದರು. ನಾಲ್ಕನೇ ಹಾಡಿಗೆ ಎದ್ದು ನಿಂತು ಬಾರಿಸಿದರು. ಗಿಟಾರಿನವನು ನುಡಿಸುವುದು ಮರೆತು ಅವರನ್ನೇ ನೋಡಿದ.

ತಮಟೆಯನ್ನು ಬಾರಿಸುವ ಮುಂಚೆ ಬೆಂಕಿಗೆ ಹಿಡಿದು ಕಾಯಿಸಬೇಕು, ಇಲ್ಲದಿದ್ದರೆ ಚರ್ಮ ಸಡಿಲ, ದನಿ ಬರುವುದಿಲ್ಲ. ಆ ಟೆರೇಸಿನ ಮೇಲೆ ಕಾಗದ ಸುಡುವ ಹಾಗಿರಲಿಲ್ಲ. ಅಣ್ಣ ಸೀದಾ ಕೋಳಿಯ ಒಲೆಗೆ ಹೋದರು. ಅಡುಗೆಯವನು, “ಅಣ್ಣಾ, ಚರ್ಮದ ವಾಸ್ನೆ ನನ್ನ ಕೋಳಿಗೆ ಹತ್ತುತ್ತೆ!” ಎಂದು ಬಾಯಿ ಮಾಡಿದ. ಅಣ್ಣ, “ನಿನ್ನ ಕೋಳಿ ವಾಸ್ನೆ ನನ್ನ ತಮಟೆಗೆ ಹತ್ತಿದೆ, ನಾನೇನಾದ್ರೂ ಕೇಳಿದ್ನಾ?” ಅಂದರು. ನಾಲ್ಕು ವರ್ಷ ಅದೇ ಒಲೆ. ಆ ತಮಟೆಯ ಹತ್ತಿರ ನಿಂತರೆ ಮೆಣಸು, ಲವಂಗ, ಹೊಗೆ ಸೇರಿದ ಘಮ ಬರುತ್ತಿತ್ತು. ಆದರೆ ಆ ಒಲೆಯ ಒಂದು ತುಂಡನ್ನೂ ಅವರು ಬಾಯಿಗೆ ಹಾಕಲಿಲ್ಲ. ಯಜಮಾನರು ಎಷ್ಟು ಸಲ ಕರೆದರೂ, “ಕೆಲಸದ ದಿನ ಬೇಡ ಸಾರ್” ಎಂದು ಮೆಟ್ಟಿಲ ಮೇಲೆ ಕೂತು ತಮ್ಮ ಕ್ಯಾರಿಯರ್ ಬಿಚ್ಚುತ್ತಿದ್ದರು. ಪಾಪ, ಹೊಟ್ಟೆಯ ತೊಂದರೆ ಇರಬೇಕು ಎಂದುಕೊಂಡಿದ್ದರು ಯಜಮಾನರು.

ಭುಜದ ಕೀಲು ಸವೆದು, ತಮಟೆಯ ಭಾರ ಇನ್ನು ಸಾಕು ಎಂದು ಡಾಕ್ಟರು ಹೇಳಿದಾಗ ಅಣ್ಣ ಹೋಟೆಲಿನ ಕೆಲಸ ಬಿಟ್ಟರು. ತಿಂಗಳಾದ ಮೇಲೆ ಮನೆಗೆ ಹೋದೆ.

“ಅಣ್ಣ, ಈಗ ನೀವು ಅಲ್ಲಿ ಕೆಲಸಕ್ಕಿಲ್ಲ. ಭಾನುವಾರ ಅಲ್ಲೇ ಊಟಕ್ಕೆ ಹೋಗೋಣ, ಅತ್ತಿಗೇನೂ ಬರ್ಲಿ.”

“ಕರೀತಿರೋದು ಯಾರು? ನೀನಾ, ಅವ್ರಾ?”

“ನಾನೇ.”

“ಬಿಲ್ ನೀನು ಕೊಡ್ತೀಯ?”

“ನಾನೇ ಕೊಡ್ತೀನಿ ಅಣ್ಣ.”

“ಡಿಸ್ಕೌಂಟ್ ಕೇಳ್ಬಾರ್ದು. ಪರಿಚಯ ಅಂತ ಒಂದು ಐಸ್‌ಕ್ರೀಮೂ ಬಿಟ್ಟಿ ತರ್ಸಬಾರ್ದು. ಆಗಲ್ಲ ಅಂದ್ರೆ ಈಗ್ಲೇ ಹೇಳು.”

ಅತ್ತಿಗೆ ಒಳಗಿನಿಂದ, “ಆಯಪ್ಪನ ಕೈಲಿ ಆಗುತ್ತಾ ಅದು!” ಎಂದು ನಕ್ಕರು. ಆಗುತ್ತದೆ ಅಂದೆ. ಅವತ್ತು ಅಣ್ಣ ಜನರೇಟರಿನ ಹಿಂದಿನ ತಟ್ಟೆಯ ಮಾತನ್ನು ಮೊದಲ ಸಲ ಪೂರ್ತಿ ಆಡಿದರು. ಅವರ ಅಪ್ಪನೂ ಬಾರಿಸುತ್ತಿದ್ದರಂತೆ. ಊರ ಮನೆಗಳಲ್ಲಿ ಎಲ್ಲರೂ ಉಂಡ ಮೇಲೆ ಮಿಕ್ಕಿದ್ದನ್ನು ಬಟ್ಟೆಗೆ ಸುರಿಸಿಕೊಂಡು ಬರುತ್ತಿದ್ದರಂತೆ. “ನಾವು ಮಕ್ಳು ಖುಷಿಯಾಗಿ ತಿಂತಿದ್ವಿ. ಅಪ್ಪ ತಿಂತಿರ್ಲಿಲ್ಲ. ಯಾಕೆ ಅಂತ ನಂಗೆ ಗೊತ್ತಾಗಿದ್ದು ನಿನ್ನ ಜನರೇಟರ್ ಹತ್ರ.”

ಭಾನುವಾರ ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ, ಅತ್ತಿಗೆ ಮದುವೆಯ ಸೀರೆ. ನಾಲ್ಕು ವರ್ಷ ಕೆಲಸ ಮಾಡಿದ ಜಾಗದಲ್ಲಿ ಅಣ್ಣನಿಗೆ ಕುರ್ಚಿ ಯಾವ ಕಡೆ ಎಳೆಯಬೇಕೆಂದೇ ತಿಳಿಯಲಿಲ್ಲ. ಕೂತರು. ಆಡಿನ ಮಾಂಸದ ಸಾರು, ತೆಂಗಿನ ಹಾಲಲ್ಲಿ ರಾಜ್ಮಾ ಹಾಕಿ ಬೇಯಿಸಿದ ಅನ್ನ, ಕೆಂಡದ ಕೋಳಿ, ಹುರಿದ ನೇಂದ್ರಬಾಳೆ, ಶುಂಠಿ ಪಾನಕ ಹೇಳಿದೆವು. ಅದರ ಜೊತೆ ಏನೋ ದೊಡ್ಡ ಹೆಸರಿನ ಒಂದು ಪಲ್ಯ. ಅತ್ತಿಗೆ ಒಂದು ತುತ್ತು ತಿಂದು, “ಇದು ನಮ್ಮ ದಂಟಿನ ಸೊಪ್ಪು ಕಣ್ರೀ! ಇದಕ್ಕೆ ನಾನೂರಾ?” ಅಂದರು. ನನ್ನ ನಾಲಿಗೆ ತುರಿಸಿತು, ತಡೆದುಕೊಂಡೆ. ಅಣ್ಣ ಕೋಳಿಯ ಮೊದಲ ತುಂಡನ್ನು ಬಾಯಿಗಿಟ್ಟು ಬಹಳ ಹೊತ್ತು ಅಗಿದರು. “ಉಪ್ಪು ಸರಿಯಾಗಿದೆ” ಅಂದರು.

ಆ ಹೊತ್ತಿಗೆ ಬ್ಯಾಂಡಿನ ಹಾಡುಗಾರ ನಮ್ಮನ್ನು ನೋಡಿಬಿಟ್ಟ. ಮೈಕಿನಲ್ಲೇ, “ನಮ್ಮ ಅಣ್ಣ ಬಂದಿದಾರೆ! ಅಣ್ಣಾ, ಒಂದೇ ಒಂದು, ಬನ್ನಿ ಅಣ್ಣಾ!” ಎಂದು ಕೂಗಿದ. ಟೆರೇಸಿನ ಜನವೆಲ್ಲ ಚಪ್ಪಾಳೆ ಹೊಡೆದು ಮೊಬೈಲ್ ಎತ್ತಿದರು. ಯಜಮಾನರು ಮೇಜಿನ ಹತ್ತಿರ ಓಡಿಬಂದರು. “ಎರಡೇ ಹಾಡು ಅಣ್ಣಾ. ಈ ಟೇಬಲ್ ನನ್ನ ಲೆಕ್ಕ, ಬಿಲ್ ಕೊಡಲ್ಲ ನಿಮಗೆ.”

ನಿಜ ಹೇಳುತ್ತೇನೆ, ನನ್ನ ತಲೆ ತಾನಾಗಿಯೇ ಹೂಂ ಎಂದು ಅಲ್ಲಾಡಿತು. ಎರಡು ಹಾಡಿಗೆ ಏಳು ಸಾವಿರ! “ಏಳು ಸಾವಿರ ಉಳಿಯುತ್ತೆ, ಎರಡು ಹಾಡಿಗೆ ಭುಜಕ್ಕೆ ಏನೂ ಆಗಲ್ಲ ಅಣ್ಣ” ಅಂದೆ. “ಪಾಪ, ಅಷ್ಟು ಕರೀತವ್ರೆ” ಎಂದು ಅತ್ತಿಗೆಯೂ ಸೇರಿಸಿದರು.

“ನೀನು ಸೊಪ್ಪು ತಿನ್ನು” ಎಂದು ಅತ್ತಿಗೆಗೆ ಹೇಳಿ ಅಣ್ಣ ನನ್ನನ್ನು ನೋಡಿದರು. “ಬಾರ್ಸಿದ್ದಕ್ಕೆ ಊಟ. ಅರವತ್ತು ರೂಪಾಯಿಂದು ಬದ್ಲು ಏಳು ಸಾವಿರದ್ದು. ಬೇರೆ ಏನೋ ವ್ಯತ್ಯಾಸ?”

ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಅಣ್ಣನಿಗೆ ಬಾರಿಸುವ ಆಸೆ ಇರಲಿಲ್ಲವೆಂದಲ್ಲ. ಅವರ ಎಡಗೈ ಮೇಜಿನ ಮೇಲೆ ಆಗಲೇ ಹಾಡಿನ ಲಯ ಹಿಡಿದಿತ್ತು. ಅದನ್ನು ಅವರೇ ಗಮನಿಸಿ, ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಬಲಗೈಯಲ್ಲಿ ಅನ್ನ ಕಲಸತೊಡಗಿದರು. “ಸಾರ್, ಇವತ್ತು ಊಟಕ್ಕೆ ಬಂದಿದೀನಿ” ಅಂದರು.

“ಊಟ ಮುಗಿಸ್ಕೊಂಡೇ ಬನ್ನಿ.”

“ಮುಗಿದ್ಮೇಲೆ ಮನೆಗೆ ಹೋಗ್ತೀನಿ ಸಾರ್.”

ಯಜಮಾನರು ಒಮ್ಮೆ ಮೆಟ್ಟಿಲ ಕಡೆ ತಿರುಗಿ ನೋಡಿದರು. ಮೆಟ್ಟಿಲ ಮೇಲಿನ ನಾಲ್ಕು ವರ್ಷದ ಊಟ ಅವರಿಗೆ ಆಗ ಅರ್ಥವಾಗಿರಬೇಕು. ಹಾಡುಗಾರನಿಗೆ ಕೈಸನ್ನೆ ಮಾಡಿದರು. ಅವನು ಬೇರೆ ಹಾಡು ಎತ್ತಿಕೊಂಡ. ಆಮೇಲೆ ಯಜಮಾನರೇ ವೇಟರ್ ಕೈಯಿಂದ ಸೌಟು ತೆಗೆದುಕೊಂಡು, ಬಗ್ಗಿ, “ಇನ್ನು ಸ್ವಲ್ಪ ಅನ್ನ ಹಾಕ್ಲಾ ಅಣ್ಣ?” ಎಂದು ಕೇಳಿದರು.

“ಹಾಕಿ. ಸಾರೂ ಹಾಕಿ” ಅಂದರು ಅಣ್ಣ.

ಆ ಊಟದ ನಂತರ ಅವರು ಒಂದೂಕಾಲು ವರ್ಷ ಇದ್ದರು. ಬೆಳಿಗ್ಗೆ ಸುದ್ದಿ ಬಂದಾಗ ನಾನೇ ಲಾರಿ ತೆಗೆದುಕೊಂಡು ಹೋಗಿ ಗಲ್ಲಿಯಲ್ಲಿ ಶಾಮಿಯಾನ ಹಾಕಿದೆ. ಹಲಸೂರಿನಿಂದ ನಾಲ್ಕು ಜನ ತಮಟೆಯವರು ಬಂದರು. ನಾನು ಅಭ್ಯಾಸಬಲದಿಂದ ಅವರ ಹತ್ತಿರ ಹೋಗಿ ಬಾಯಿ ತೆರೆದೆನೋ ಇಲ್ಲವೋ, ಅತ್ತಿಗೆ ಅಳುತ್ತಲೇ ಎದ್ದು ಬಂದರು. “ಶಾಮಿಯಾನದಣ್ಣ, ಈ ಕಡೆ ಬನ್ನಿ. ರೇಟ್ ಮಾತಾಡಕ್ಕೆ ಬಂದೇ ಬರ್ತಾನೆ, ಬಿಡ್ಬೇಡ ಅಂತ ಹೇಳ್ಬಿಟ್ಟು ಹೋಗವ್ರೆ.” ಸಾವಿನ ಮನೆಯ ಮುಂದೆ ಜನ ನಕ್ಕರು. ನಾನೂ ನಕ್ಕೆ, ಆಮೇಲೆ ಅತ್ತೆ. ತಮಟೆಯವರು ಹೇಳಿದ್ದನ್ನು ಅತ್ತಿಗೆ ಹಾಗೇ ಎಣಿಸಿ ಕೊಟ್ಟರು. ಮಣ್ಣು ಮಾಡಿ ಬಂದಾಗ ಪಕ್ಕದ ಮನೆಯವರು ಅನ್ನ ಸಾರು ಮಾಡಿಸಿದ್ದರು. ಮೊದಲ ಪಂಕ್ತಿಗೆ ಕೂತವರು ಆ ನಾಲ್ವರು. ಬಡಿಸಿದವನು ನಾನು.

ನಿಮ್ಮ ಮನೆಯಲ್ಲೂ ಕಾರ್ಯ ಬರುತ್ತದೆ, ನನ್ನಂಥವನನ್ನು ಕರೆಸುತ್ತೀರಿ. ಚೌಕಾಸಿ ಖಂಡಿತ ಮಾಡಿ. ಕುರ್ಚಿಗೆ, ಲೈಟಿಗೆ, ಹೂವಿನ ಅಲಂಕಾರಕ್ಕೆ ಮಾಡಿ. ಹೂವಿನಲ್ಲಿ ಅರ್ಧಕ್ಕರ್ಧ ಇಳಿಯುತ್ತದೆ, ನಾನೇ ಹೇಳುತ್ತಿದ್ದೇನೆ. ಬಾರಿಸುವವರ, ಹಾಡುವವರ, ಅಡುಗೆಯವರ ಕೂಲಿಯನ್ನು ಮಾತ್ರ ಊಟದ ಜೊತೆ ಸೇರಿಸಿ ಮಾತಾಡಲು ಬಿಡಬೇಡಿ. ದುಡ್ಡು ಕಡಿಮೆ ಇದ್ದರೆ ಹೊತ್ತು ಕಡಿಮೆ ಮಾಡಿಸಿಕೊಳ್ಳಿ. ಹಾಡುವವರನ್ನು ನೆಂಟರಾಗಿ ಕರೆದ ದಿನ ಹಾಡು ಎನ್ನಬೇಡಿ. ಕೆಲಸಕ್ಕೆ ಕರೆಸಿದ ದಿನ ಪಂಕ್ತಿ ಹಾಕುವಾಗ ನೀವೇ ಎದ್ದು ಹೋಗಿ ಊಟಕ್ಕೆ ಕರೆಯಿರಿ, ಬೇರೆಯವರ ಕೈಲಿ ಹೇಳಿ ಕಳಿಸಬೇಡಿ. ಮೊದಲ ಸಲ ಬೇಡ ಅನ್ನುತ್ತಾರೆ. ಅಲ್ಲೇ ನಿಂತು ಇನ್ನೊಂದು ಸಲ ಕರೆಯಿರಿ.