ಸದನ ತಲುಪಿದ ದನದ ದವಾಖಾನೆ

ನಾನು ನಿವೃತ್ತಳಾಗುವ ಹಿಂದಿನ ವರ್ಷದ ಡಿಸೆಂಬರ್ ತಿಂಗಳು. ಟಿಕೋಟಾ ಹೊಸ ತಾಲ್ಲೂಕಾಗಿ ಕೆಲವು ವರ್ಷ ಕಳೆದಿತ್ತು. ನಾನು ವಿಜಯಪುರದಲ್ಲಿ ನಮ್ಮ ಇಲಾಖೆಯ ಕಚೇರಿಯೊಂದರಲ್ಲಿ ತಾಂತ್ರಿಕ ಅಧಿಕಾರಿಯಾಗಿದ್ದೆ. ಓದಿದ್ದು ಪಶುವೈದ್ಯಕೀಯ, ಮಾಡುತ್ತಿದ್ದದ್ದು ಕಡತದ ಕೆಲಸ. ಎಮ್ಮೆಯ ಮೈ ಮುಟ್ಟಿ ಎಷ್ಟೋ ದಿನವಾಗಿತ್ತು. ಬೆಳಗಾವಿಯಲ್ಲಿ ಅಧಿವೇಶನ ಶುರುವಾಯಿತೆಂದರೆ ನಮ್ಮಲ್ಲಿ ಮದುವೆ ಮನೆಯ ಗಡಿಬಿಡಿ. ಊಟವೊಂದನ್ನು ಬಿಟ್ಟು ಉಳಿದೆಲ್ಲವೂ ಇರುತ್ತಿತ್ತು.

ಶಾಸಕರು ಇಲಾಖೆಗಳಿಗೆ ಕೇಳುವ ಪ್ರಶ್ನೆಗಳಲ್ಲಿ ಎರಡು ಬಗೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಕಳಿಸಿದರೆ ಮುಗಿಯಿತು. ಚುಕ್ಕೆ ಗುರುತಿನ ಪ್ರಶ್ನೆಗೆ ಮಾತ್ರ ಸಚಿವರೇ ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು. ಆ ಉತ್ತರದ ಎಳೆ ಹಿಡಿದು ಸದಸ್ಯರು ಅಲ್ಲೇ ಉಪಪ್ರಶ್ನೆ ಹಾಕಬಹುದು. ಹಾಗಾಗಿ ಉತ್ತರದ ಜೊತೆಗೆ, ಏನೇನು ಕೇಳಬಹುದು ಎಂದು ಊಹಿಸಿ ಬರೆದ ಟಿಪ್ಪಣಿಯೊಂದನ್ನೂ ನಾವು ಸಚಿವರಿಗೆ ಕಳಿಸಬೇಕು. ಕೆಳಗಿನವರಿಗೆ ನಿದ್ದೆ ಕೆಡಿಸುವುದು ಈ ಟಿಪ್ಪಣಿಯೇ.

ಆ ಸಲ ಶನಿವಾರ ಬಂದದ್ದು ಚುಕ್ಕೆ ಗುರುತಿನ ಪ್ರಶ್ನೆ. ಕೇಳಿದವರು ವಿಧಾನ ಪರಿಷತ್ತಿನ ಸದಸ್ಯೆಯೊಬ್ಬರು. ಟಿಕೋಟಾ ತಾಲ್ಲೂಕಿನಲ್ಲಿ ಹೊನವಾಡದ ಆಚೆಯ ಒಂದು ಹಳ್ಳಿಯ ಪಶು ಚಿಕಿತ್ಸಾಲಯವನ್ನು ಬೇರೆ ಕಡೆಗೆ ಸ್ಥಳಾಂತರಿಸುವ ಪ್ರಸ್ತಾವನೆ ಇದೆಯೇ, ಇದ್ದರೆ ಕಾರಣವೇನು, ಆ ಊರಿನ ದನಗಳ ಗತಿಯೇನು ಎಂಬುದು ಪ್ರಶ್ನೆ. ಪ್ರಸ್ತಾವನೆ ಇದ್ದದ್ದು ನಿಜ, ಅದನ್ನು ಕಳಿಸಿದ್ದೂ ನಮ್ಮ ಕಚೇರಿಯೇ. ಚಿಕಿತ್ಸೆಗೆ ದನಗಳೇ ಬರುವುದಿಲ್ಲ ಎಂಬುದು ನಾವು ಕೊಟ್ಟ ಕಾರಣ.

ನಮ್ಮ ಸಾಹೇಬರಿಗೆ ಚುಟುಕು ಉತ್ತರಗಳೆಂದರೆ ಪ್ರಾಣ. "ಕೇಳಿದ್ದಕ್ಕಷ್ಟ ಹೇಳ್ರಿ ಮೇಡಂ. ಉತ್ತರ ಉದ್ದ ಆದಷ್ಟೂ ಉಪಪ್ರಶ್ನೆ ಹೆಚ್ಚಾಗ್ತಾವ" ಎಂದರು. ಉತ್ತರ ಬರೆದೆ. ಟಿಪ್ಪಣಿಗೆ ಕೂತಾಗ ಪೆನ್ನು ನಿಂತುಬಿಟ್ಟಿತು. ದನಗಳು ಯಾಕೆ ಬರುವುದಿಲ್ಲ ಎಂದು ಆ ಸದಸ್ಯೆ ಕೇಳಿದರೆ? ಎತ್ತು, ಎಮ್ಮೆ ತುಂಬಿದ ಊರು ಅದು. ಅವೆಲ್ಲ ಏಕಾಏಕಿ ಆರೋಗ್ಯವಂತವಾದವು ಎಂದು ಸಚಿವರ ಬಾಯಿಂದ ಹೇಳಿಸಲು ಆಗುತ್ತದೆಯೇ? ಹೋಗಿ ನೋಡಿ ಬರುತ್ತೇನೆ ಎಂದೆ. ನಾನು ಸೋಮವಾರದ ಸಭೆ ತಪ್ಪಿಸುವುದಕ್ಕೆ ಸಾಹೇಬರು ಒಲ್ಲದ ಮನಸ್ಸಿನಿಂದಲೇ ಒಪ್ಪಿದರು.

ಈ ಸೋಮವಾರದ ಸಭೆಯ ಬಗ್ಗೆ ಹೇಳಬೇಕು. ನಾನು ಆ ಕಚೇರಿಗೆ ಹೋಗುವುದಕ್ಕೂ ಎಷ್ಟೋ ಮೊದಲಿನಿಂದ ನಡೆದುಬಂದ ಪದ್ಧತಿ ಅದು. ವಾರದ ಮೊದಲ ದಿನ ಸುತ್ತಲಿನ ಚಿಕಿತ್ಸಾಲಯಗಳ ವೈದ್ಯರೆಲ್ಲ ನಗರಕ್ಕೆ ಬಂದು ವಾರದ ಪ್ರಗತಿ ಒಪ್ಪಿಸಬೇಕು. ಸಭೆ ಬೆಳಿಗ್ಗೆ ಕೂತರೆ ಏಳುವುದು ಸಂಜೆಗೇ.

ಸೋಮವಾರ ಬೆಳಿಗ್ಗೆ ಜೀಪು ಆ ಹಳ್ಳಿಯ ಚಿಕಿತ್ಸಾಲಯದ ಮುಂದೆ ನಿಂತಾಗ ಇಳಿಯಲು ಜಾಗವಿರಲಿಲ್ಲ. ಅಂಗಳದ ತುಂಬ ಎತ್ತು, ಎಮ್ಮೆ, ಆಕಳು. ಬಾಗಿಲಿಗೆ ಮಾತ್ರ ಬೀಗ. ಆ ಚಿಕಿತ್ಸಾಲಯಕ್ಕಿದ್ದ ಸಿಬ್ಬಂದಿ ವೈದ್ಯರೊಬ್ಬರೇ, ಡಾ. ಕಾಂಬಳೆ ಎಂಬ ತರುಣ. ಸಹಾಯಕರ ಹುದ್ದೆ ಖಾಲಿ ಇತ್ತು. ಆ ವೈದ್ಯರು ಅಂದು ನಮ್ಮದೇ ಸಭೆಗೆ ಹೋಗಿದ್ದರು.

ಮುಂದೆ ನಿಂತಿದ್ದ ಸಂಗಪ್ಪ ಕಾಕಾ ಎಂಬ ರೈತರ ಕೈಯಲ್ಲಿ ಬಿಳಿಯ ಖಿಲಾರಿ ತಳಿಯ ಎತ್ತಿನ ಹಗ್ಗವಿತ್ತು. ನೊಗ ಒತ್ತಿ ಒತ್ತಿ ಎತ್ತಿನ ಹೆಗಲು ಬಾತುಕೊಂಡಿತ್ತು. ನಾನು ಪಶುವೈದ್ಯೆ ಎಂದು ತಿಳಿದದ್ದೇ ಅವರ ಮುಖ ಅರಳಿತು.

"ಬರ್ರಿ ಮೇಡಮ್ಮರ. ಸೋಮವಾರದಾಗ ಡಾಕ್ಟರ್ ಮಾರಿ ನೋಡೂ ಭಾಗ್ಯ ಇವತ್ತರ ಬಂತಲ್ರಿ!"

"ಅಲ್ರಿ ಕಾಕಾ, ಉಳಿದ ದಿನ ಡಾಕ್ಟರ್ ಇಲ್ಲೇ ಇರ್ತಾರಲ್ಲ. ಆವಾಗ ಯಾಕ ಬರಂಗಿಲ್ಲ?" ಎಂದೆ.

ಕಾಕಾ ನನ್ನನ್ನು ಕನಿಕರದಿಂದ ನೋಡಿದರು. "ಉಳಿದ ದಿನ ಇಲ್ಲಿ ಬಂದು ನಿಂತ್ರ ಎತ್ತು ಹೂಡಿ ಜ್ವಾಳದಾಗ ಎಡಿಕುಂಟಿ ಯಾರು ಹೊಡೀತಾರ್ರಿ? ಸೋಮವಾರ ಬಸವಣ್ಣನ ವಾರ. ಎತ್ತಿನ ಹೆಗಲ ಮ್ಯಾಲ ನೊಗಾ ಇಡಂಗಿಲ್ಲ. ಅದಕ್ಕೂ ಸೂಟಿ, ನಮಗೂ ಸೂಟಿ. ದವಾಖಾನಿಗಿ ಬರೂದು ಇವತ್ತ. ವಾರಾ ವಾರಾ ಇವತ್ತರ ಡಾಕ್ಟರ್ ಇದ್ದಾರು ಅಂತ ಬಂದು, ಬೀಗಾ ನೋಡಿ ಹೊಳ್ಳಿ ಹೋಗ್ತೀವಿ. ನಿಮ್ಮ ಮನ್ಯಾಗ ಒಕ್ಕಲುತನ ಇಲ್ಲೇನ್ರಿ?"

ಇತ್ತು! ನನ್ನ ತವರು ನಿಡೋಣಿ. ನಮ್ಮಪ್ಪ ಎಂಥ ಹಂಗಾಮಿನಲ್ಲೂ ಸೋಮವಾರ ಎತ್ತು ಹೂಡಿದವರಲ್ಲ. ಸಾಹೇಬರದೂ ಒಕ್ಕಲುತನದ ಮನೆ, ಸಭೆಗೆ ಬರುವ ವೈದ್ಯರಲ್ಲಿ ಅರ್ಧಕ್ಕರ್ಧ ಮಂದಿ ರೈತರ ಮಕ್ಕಳು. ಸೋಮವಾರದ ವಿಷಯ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನಮ್ಮ ಕಥೆ. ಅಂಗಳದಲ್ಲೇ ನಿಂತು ನಕ್ಕುಬಿಟ್ಟೆ. ಕಾಕಾ ನಗಲಿಲ್ಲ.

"ನಗ್ರಿ, ನಗ್ರಿ. ದವಾಖಾನಿ ಒಯ್ತಾರಂತ ಸುದ್ದಿ ಐತಿ. ನಾಳೆ ಇದರ ಕಾಲು ಮುರದ್ರ ಟಿಕೋಟಾ ತನಕ ನಾ ಇದನ್ನ ಹೆಗಲ ಮ್ಯಾಲ ಹೊತಗೊಂಡು ಹೋಗ್ಲೇನ್ರಿ?"

ನನ್ನ ನಗೆ ಅಲ್ಲಿಗೆ ನಿಂತಿತು. ಬೀಗದ ಕೈ ಎಲ್ಲಿದೆ ಎಂದು ಕೇಳಲು ಡಾ. ಕಾಂಬಳೆಗೆ ಫೋನ್ ಮಾಡಿದೆ. ಅವರು ಪಿಸುಗುಟ್ಟಿದರು: "ಮೇಡಂ, ಈಗ ಮಾತಾಡಾಕ ಆಗಂಗಿಲ್ರಿ. ನಿಮ್ಮ ದವಾಖಾನಿಗಿ ದನಾ ಯಾಕ ಬರವಲ್ಲವು ಅಂತ ಸಾಹೇಬ್ರು ನನ್ನ ಎಬ್ಬಿಸಿ ನಿಲ್ಲಿಸಿ ಕೇಳಾಕತ್ತಾರ."

ನನ್ನ ನೌಕರಿಯಲ್ಲಿ ಅಷ್ಟು ಸೊಗಸಾದ ಫೋನ್ ಕರೆ ಮತ್ತೊಂದಿಲ್ಲ. ಕೊನೆಗೆ ಕಾಕಾ ಹೇಳಿದಂತೆ ಬೀಗದ ಕೈ ಪಕ್ಕದ ಮನೆಯಲ್ಲಿ ಸಿಕ್ಕಿತು. ಬಾಗಿಲು ತೆರೆದು, ಸೆರಗು ಸಿಕ್ಕಿಸಿ, ಮಧ್ಯಾಹ್ನ ಕಳೆಯುವವರೆಗೆ ದನ ನೋಡಿದೆ. ಎಮ್ಮೆಯೊಂದು ಒದೆಯಿತು. ಆದರೂ ಅಷ್ಟು ಖುಷಿಯಾಗಿದ್ದ ದಿನಗಳು ನನಗೆ ಕಚೇರಿಯಲ್ಲಿ ಕಡಿಮೆ.

ಸಂಜೆ ಸಾಹೇಬರ ಮುಂದೆ ಎಲ್ಲವನ್ನೂ ಹೇಳಿದೆ. ಸೋಮವಾರದ ವಿಷಯವನ್ನು ಡಾ. ಕಾಂಬಳೆ ಮೊದಲೇ ಒಮ್ಮೆ ಅವರ ಕಿವಿಗೆ ಹಾಕಿದ್ದರಂತೆ. ಸಭೆ ತಪ್ಪಿಸುವ ನೆಪ ಎಂದು ಸಾಹೇಬರು ತಳ್ಳಿಹಾಕಿದ್ದರಂತೆ. ಈಗ ಅವರು ಪ್ರಸ್ತಾವನೆಯ ಕಡತವನ್ನು ಹತ್ತಿರಕ್ಕೆ ಎಳೆದುಕೊಂಡರು.

"ಇದನ್ನ ಬರದ್ರ ನಮ್ಮ ಮಾನಾ ಬೆಳಗಾವಿ ತನಕ ಹೋಗ್ತೈತ್ರಿ ಮೇಡಂ."

"ಬರೀಲಿಲ್ಲಂದ್ರ ಉಪಪ್ರಶ್ನಿಯೊಳಗ ಹೋಗ್ತೈತ್ರಿ ಸರ್. ಕೇಳಿದವರೂ ಒಕ್ಕಲುತನದ ಮನಿಯವರ."

ಸಾಹೇಬರು ಒರಟರೇ ಹೊರತು ಕೆಟ್ಟವರಲ್ಲ. ಮೊದಲು ಸಭೆಯನ್ನು ಶುಕ್ರವಾರಕ್ಕೆ ಬದಲಿಸಿ ಆದೇಶ ಹೊರಡಿಸಿದರು. ಆಮೇಲೆ ಮೇಲಧಿಕಾರಿಗಳಿಗೆ ಫೋನ್ ಮಾಡಿ, ಪ್ರಸ್ತಾವನೆ ಹಿಂದಕ್ಕೆ ಪಡೆಯಲು ಒಪ್ಪಿಸಿದರು. ವೈದ್ಯರು ಸೋಮವಾರ ಊರಲ್ಲಿ ಇರದಿದ್ದ ಕಾರಣ ದನಗಳ ಸಂಖ್ಯೆ ಕಡಿಮೆ ಕಂಡಿತ್ತು, ಈಗ ಸರಿಪಡಿಸಲಾಗಿದೆ ಎಂದು ಉತ್ತರ ಹೋಯಿತು. ಅಷ್ಟು ಉದ್ದದ ಉತ್ತರಕ್ಕೆ ಸಾಹೇಬರು ರುಜು ಹಾಕಿದ್ದು ಅದೇ ಮೊದಲು.

ಗುರುವಾರ ನಾವಿಬ್ಬರೂ ಬೆಳಗಾವಿಯ ಸದನದಲ್ಲಿ ಅಧಿಕಾರಿಗಳ ಗ್ಯಾಲರಿಯಲ್ಲಿ ಕೂತಿದ್ದೆವು. ಸಚಿವರು ಉತ್ತರ ಓದಿದರು. ಸದಸ್ಯೆ ಎದ್ದು ನಿಂತರು.

"ಮಾನ್ಯ ಸಭಾಪತಿಗಳೇ, ಒಂದೇ ಉಪಪ್ರಶ್ನೆ. ಎತ್ತಿಗೆ ಸೋಮವಾರ ರಜೆ ಇರುವುದು ಇಲಾಖೆಗೆ ತಿಳಿದದ್ದು ಯಾವಾಗ?"

ಸಚಿವರು ಗ್ಯಾಲರಿಯತ್ತ ತಿರುಗಿದರು. ಸಾಹೇಬರು ನೆಲ ನೋಡುತ್ತಿದ್ದರು. ನಾನು ಚೀಟಿಯಲ್ಲಿ ಎರಡೇ ಪದ ಬರೆದು ಕಳಿಸಿದೆ. ಸಚಿವರು ಅದನ್ನು ಮೊದಲು ಓದಿ ನೋಡದೆ ಗಟ್ಟಿಯಾಗಿಯೇ ಹೇಳಿಬಿಟ್ಟರು: "ಮೊನ್ನೆ ಸೋಮವಾರ."

ಸದನ ಪಕ್ಷಭೇದವಿಲ್ಲದೆ ನಕ್ಕಿತು. ಸಚಿವರೂ ನಕ್ಕರು. ಸದಸ್ಯೆ ಮಾತ್ರ ಕೂರಲಿಲ್ಲ. "ಹಾಗಾದರೆ ಆ ದವಾಖಾನೆ ಅಲ್ಲೇ ಉಳಿಯುತ್ತದೆಯೇ?" ಎಂದರು. "ಉಳಿಯುತ್ತದೆ. ಸಹಾಯಕರ ಹುದ್ದೆಯನ್ನೂ ತುಂಬುತ್ತೇವೆ" ಎಂದರು ಸಚಿವರು. ಸದನದಲ್ಲಿ ಸಚಿವರು ಹೀಗೆ ಆಡಿದ ಮಾತು ಭರವಸೆ ಎಂದು ದಾಖಲಾಗುತ್ತದೆ. ಅದು ಈಡೇರುವವರೆಗೆ ಶಾಸಕರ ಸಮಿತಿಯೊಂದು ಇಲಾಖೆಯ ಬೆನ್ನು ಬಿಡುವುದಿಲ್ಲ. ಸಾಹೇಬರು ಆಗ ತಲೆ ಎತ್ತಿ, "ಮಾನಾ ಹೋದ್ರ ಹೋತು, ಹುದ್ದೆ ಬಂತಲ್ರಿ" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಮುಂದಿನ ಸೋಮವಾರ ನಾನು, ಸಾಹೇಬರು ಇಬ್ಬರೂ ಆ ಹಳ್ಳಿಗೆ ಹೋದೆವು. ಡಾ. ಕಾಂಬಳೆ ದನಗಳ ನಡುವೆ ತಲೆ ಎತ್ತಲೂ ಪುರಸೊತ್ತಿಲ್ಲದೆ ನಿಂತಿದ್ದರು. ಎತ್ತಿನ ಹೆಗಲಿಗೆ ಮುಲಾಮು ಹಚ್ಚಿಸುತ್ತಿದ್ದ ಸಂಗಪ್ಪ ಕಾಕಾಗೆ ಸಾಹೇಬರು ದೊಡ್ಡ ದನಿಯಲ್ಲಿ ಹೇಳಿದರು: "ದವಾಖಾನಿ ಎಲ್ಲೂ ಹೋಗಂಗಿಲ್ರಿ ಕಾಕಾ. ಸದನದಾಗ ಹೇಳ್ಯಾರ."

"ಸದನದಾಗ ಹೇಳ್ಲಿ ಬಿಡ್ರಿ" ಎಂದರು ಕಾಕಾ. ಡಾ. ಕಾಂಬಳೆ ಕಡೆ ತಿರುಗಿ, "ನೀವ್ ಹೇಳ್ರಿ ಡಾಕ್ಟರ. ಬರೂ ಸೋಮವಾರ ಇರ್ತೀರಿ?"

"ಇರ್ತೀನ್ರಿ ಕಾಕಾ."

"ಹಂಗಾರ ಆತು" ಎಂದು ಕಾಕಾ ಎತ್ತಿನ ಬೆನ್ನು ತಟ್ಟಿದರು.

ಸದನದ ಪ್ರಶ್ನೆ ಬಂತೆಂದರೆ ಏನು ಬರೆದರೆ ಪಾರಾಗಬಹುದು ಎಂದು ಯೋಚಿಸುವುದು ನಮ್ಮ ಕಚೇರಿಗಳಲ್ಲಿ ರೂಢಿ. ದನಗಳು ಯಾಕೆ ಬರುವುದಿಲ್ಲ ಎಂದು ನಾವು ವಾರವಾರವೂ ಕೇಳುತ್ತಿದ್ದೆವು, ಅದೂ ಅವು ಬಂದು ನಿಂತ ದಿನವೇ, ಅವುಗಳ ಡಾಕ್ಟರನ್ನು ನಮ್ಮೆದುರು ನಿಲ್ಲಿಸಿಕೊಂಡು. ಹೊರಗಿನವರೊಬ್ಬರು ಕೇಳದಿದ್ದರೆ ಇನ್ನೂ ಕೇಳುತ್ತಲೇ ಇರುತ್ತಿದ್ದೆವೇನೋ. ಸಾರ್ವಜನಿಕ ಸೇವೆಯಲ್ಲಿರುವ ಕಿರಿಯರು ನನ್ನಲ್ಲಿಗೆ ಬಂದರೆ ನಾನು ಹೇಳುವುದಿಷ್ಟೇ: ಉತ್ತರ ಬರೆಯುವ ಮೊದಲು ಆ ಊರಿಗೆ ಹೋಗಿ ಬನ್ನಿ, ಅದೂ ನಿಮಗೆ ಬಿಡುವಿರುವ ದಿನವಲ್ಲ, ಊರಿಗೆ ಬಿಡುವಿರುವ ದಿನ.